ಮಸಾಲೆಗೆ ಅರ್ಧ ಗಂಟೆ, ಬಂಗುಡೆಗೆ ಎಂಟು ನಿಮಿಷ

ಬಂಗುಡೆ ಪುಳಿಮುಂಚಿ, ಅಂದರೆ ಕರಾವಳಿಯ ಹುಳಿಖಾರದ ಮೀನುಗಸಿ, ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಮಸಾಲೆಯನ್ನೂ ಮೀನನ್ನೂ ಒಟ್ಟಿಗೆ ಒಲೆಗೆ ಹಾಕುತ್ತಾರೆ. ಹುಣಸೆಹುಳಿ, ಮೆಣಸು, ಬೆಳ್ಳುಳ್ಳಿಯ ಹಸಿವಾಸನೆ ಹೋಗಲು ಇಪ್ಪತ್ತು ನಿಮಿಷವಾದರೂ ಬೇಕು. ಬಂಗುಡೆ ಎಂಟು ನಿಮಿಷದಲ್ಲಿ ಬೆಂದಿರುತ್ತದೆ. ಮಸಾಲೆಯ ಲೆಕ್ಕ ಹಿಡಿದರೆ ಮೀನು ಒಣಗಿ ನಾರಾಗುತ್ತದೆ, ಮೀನಿನ ಲೆಕ್ಕ ಹಿಡಿದರೆ ಗಸಿ ಹಸಿಹಸಿ ಉಳಿಯುತ್ತದೆ. ಮಸಾಲೆಯನ್ನು ಪೂರ್ತಿ ಬೇಯಿಸಿ, ಉಪ್ಪು ಹುಳಿ ನೋಡಿ, ಆಮೇಲಷ್ಟೇ ಮೀನು ಇಳಿಸುವುದು ನನ್ನ ಕ್ರಮ.

ಅರ್ಧ ಕಿಲೋ ಅಂದರೆ ಮಧ್ಯಮ ಗಾತ್ರದ ನಾಲ್ಕು ಬಂಗುಡೆ. ತೆಗೆದುಕೊಳ್ಳುವಾಗ ಕಿವಿರು ಎತ್ತಿ ನೋಡುತ್ತೇನೆ, ಕೆಂಪಗಿರಬೇಕು. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಬೆನ್ನು ಒತ್ತಿದರೆ ಕುಳಿ ಉಳಿಯಬಾರದು. ಹೊಟ್ಟೆ ಒಡೆದದ್ದು ಬೇಡ. ಬೆಂಗಳೂರಿನಂಥ ಊರಿನಲ್ಲಿ ಐಸಿನಲ್ಲಿಟ್ಟ ಮೀನಾದರೂ ಚಿಂತೆಯಿಲ್ಲ, ಐಸ್ ಇಲ್ಲದೆ ಹಲಗೆಯ ಮೇಲೆ ಬಿದ್ದಿರುವ ಬಂಗುಡೆಯನ್ನು ಮಾತ್ರ ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ. ಬಂಗುಡೆ, ಬೂತಾಯಿ (ಸಾರ್ಡಿನ್) ಮುಂತಾದ ಮೀನುಗಳು ಬೆಚ್ಚಗೆ ಉಳಿದರೆ ಅವುಗಳಲ್ಲಿ ಹಿಸ್ಟಮಿನ್ ಸೇರಿಕೊಳ್ಳುತ್ತದೆ. ಎಷ್ಟು ಕುದಿಸಿದರೂ, ಹುರಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ ತುರಿಕೆ, ತಲೆನೋವು ಬರುವುದು ಅದರಿಂದಲೇ. ಮನೆಗೆ ತಂದ ಮೇಲೂ ಹಾಗೆಯೇ: ಮೀನು ಫ್ರಿಜ್‌ಗೆ ಹೋಗಬೇಕು, ಮಸಾಲೆ ಅರೆಯುವವರೆಗೆ ಸಿಂಕಿನಲ್ಲಿ ಕಾಯಬಾರದು.

ಅಂಗಡಿಯಲ್ಲಿ ಕತ್ತರಿಸಿ ಕೊಟ್ಟರೂ ಮನೆಯಲ್ಲಿ ಇನ್ನೊಮ್ಮೆ ನೋಡಲೇಬೇಕು. ಹೊಟ್ಟೆಯ ಒಳಗಿನ ಕಪ್ಪು ಪೊರೆಯನ್ನು ಬೆರಳಿನಿಂದ ಉಜ್ಜಿ ತೆಗೆಯಿರಿ, ಅದು ಕಹಿ. ಬೆನ್ನುಮೂಳೆಯ ಉದ್ದಕ್ಕೂ ಅಂಟಿರುವ ರಕ್ತವನ್ನು ಚೂರಿಯ ತುದಿಯಿಂದ ಕೆರೆದು ತೊಳೆಯಿರಿ. ಮೀನಿನ ಸಾರಿಗೆ ಬರುವ ನೀಚುವಾಸನೆಯ ದೊಡ್ಡ ಪಾಲು ಇಲ್ಲಿಂದ ಬರುತ್ತದೆ, ಮಸಾಲೆ ಹೆಚ್ಚಿಸಿ ಅದನ್ನು ಮುಚ್ಚಲಾಗದು. ಕಲ್ಲುಪ್ಪು ಮತ್ತು ಸ್ವಲ್ಪ ಹುಳಿನೀರು ಹಾಕಿ ಉಜ್ಜಿ, ಎರಡು ನೀರಿನಲ್ಲಿ ತೊಳೆದರೆ ಸಾಕು. ನೀರಿನಲ್ಲಿ ನೆನೆಹಾಕಿದರೆ ಮಾಂಸ ಸಪ್ಪೆಯಾಗುತ್ತದೆ. ಎರಡೂ ಬದಿಗೆ ಮೂರು ಮೂರು ಗೀರು ಹಾಕಿಡಿ.

ಮಸಾಲೆಗೆ ಬ್ಯಾಡಗಿ ಮೆಣಸು ಹನ್ನೆರಡು, ಖಾರಕ್ಕೆ ಗುಂಟೂರು ಮೂರು. ಎಲ್ಲವೂ ಗುಂಟೂರೇ ಆದರೆ ಖಾರ ನಾಲಗೆ ಸುಡುತ್ತದೆ, ಬಣ್ಣವೂ ಬರುವುದಿಲ್ಲ. ಕೊತ್ತಂಬರಿ ಒಂದು ದೊಡ್ಡ ಚಮಚ, ಜೀರಿಗೆ ಅರ್ಧ ಚಿಕ್ಕ ಚಮಚ, ಮೆಂತೆ ಕಾಲು, ಓಮ ಕಾಲು, ಕಾಳುಮೆಣಸು ಹತ್ತು. ನಾಲ್ಕಾರು ಹನಿ ತೆಂಗಿನೆಣ್ಣೆಯಲ್ಲಿ ಒಂದೊಂದನ್ನೇ ಬೇರೆಬೇರೆ ಹುರಿಯುತ್ತೇನೆ. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಕೊತ್ತಂಬರಿ ಘಮ ಬರುವಷ್ಟರಲ್ಲಿ ಮೆಂತೆ ಕಪ್ಪಾಗಿರುತ್ತದೆ, ಗಸಿಯೆಲ್ಲ ಕಹಿ. ಮೆಂತೆ ಕೆಂಪಾಗುತ್ತಿದ್ದಂತೆ ಇಳಿಸಿ. ಹುರಿದ ಮೆಣಸನ್ನು ಕಾಲು ಗಂಟೆ ಬಿಸಿನೀರಿನಲ್ಲಿ ನೆನೆಸಿದರೆ ಮಿಕ್ಸಿಯಲ್ಲಿ ಸಿಪ್ಪೆಯ ಚೂರು ಉಳಿಯುವುದಿಲ್ಲ. ಬೆಳ್ಳುಳ್ಳಿ ಆರು ಎಸಳು, ಅರಶಿನ ಕಾಲು ಚಮಚ, ಬೀಜ ನಾರು ತೆಗೆದ ಚಿಕ್ಕ ನಿಂಬೆಗಾತ್ರದ ಹುಣಸೆಹುಳಿ, ಇವು ಹಸಿಯಾಗಿಯೇ ಅರೆಯಲು ಹೋಗುತ್ತವೆ. ಬೆರಳ ನಡುವೆ ಉಜ್ಜಿದರೆ ತರಿ ಸಿಗಬಾರದು, ಬೆಣ್ಣೆಯಂತಿರಬೇಕು. ಪುಳಿಮುಂಚಿಗೆ ತೆಂಗಿನಕಾಯಿ ಇಲ್ಲ. ಹುಳಿ ಮತ್ತು ಮೆಣಸು, ತುಳುವಿನ ಹೆಸರೇ ಅದನ್ನು ಹೇಳುತ್ತದೆ. ಗಸಿ ದಪ್ಪವಾಗಬೇಕಾದದ್ದು ಅರೆದ ಮಸಾಲೆಯಿಂದಲೇ, ಹಾಗಾಗಿ ನುಣ್ಣಗಾಗದಿದ್ದರೆ ನೀರು ಬೇರೆ ತರಿ ಬೇರೆ ನಿಲ್ಲುತ್ತದೆ.

ಪಾತ್ರೆ ಅಗಲವಾಗಿರಲಿ, ಮೀನು ಒಂದೇ ಪದರದಲ್ಲಿ ಮಲಗುವಷ್ಟು. ಮಣ್ಣಿನದು ಉತ್ತಮ, ಸ್ಟೀಲ್ ಆಗುತ್ತದೆ. ಅಲ್ಯೂಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಎರಡು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಒಂದು ಈರುಳ್ಳಿ, ಉದ್ದಕ್ಕೆ ಸಿಗಿದ ಶುಂಠಿ, ಸೀಳಿದ ಮೂರು ಹಸಿಮೆಣಸು, ಕರಿಬೇವು. ಈರುಳ್ಳಿ ಮೆತ್ತಗಾದ ಮೇಲೆ ಮಸಾಲೆ, ಮಿಕ್ಸಿ ತೊಳೆದ ನೀರು ಒಂದೂವರೆ ಲೋಟ, ಉಪ್ಪು. ಅರ್ಧ ಮುಚ್ಚಿ ಸಣ್ಣ ಉರಿಯಲ್ಲಿ ಇಪ್ಪತ್ತರಿಂದ ಮೂವತ್ತು ನಿಮಿಷ. ಅಂಚಿನಲ್ಲಿ ಎಣ್ಣೆ ಕೆಂಪಗೆ ಬಿಡಬೇಕು, ಮೂಗಿಗೆ ಹಸಿ ಬೆಳ್ಳುಳ್ಳಿ ತಾಗಬಾರದು. ಇಲ್ಲಿ ರುಚಿ ನೋಡಿ. ಹುಳಿ ಹೆಚ್ಚೆನಿಸಿದರೆ ಚಿಟಿಕೆ ಬೆಲ್ಲ. ಉಪ್ಪು ಕೊಂಚ ಮುಂದಿರಲಿ, ಮೀನು ಎಳೆದುಕೊಳ್ಳುತ್ತದೆ.

ಈಗ ಮೀನು. ಮಸಾಲೆ ಮೀನಿನ ಅರ್ಧಕ್ಕಿಂತ ಮೇಲೆ ಬಂದರೆ ಸಾಕು, ಮುಳುಗಬೇಕಿಲ್ಲ. ಮುಚ್ಚಿ ನಾಲ್ಕು ನಿಮಿಷ. ಸೌಟು ಹಾಕದೆ, ಬಟ್ಟೆಯಲ್ಲಿ ಪಾತ್ರೆಯ ಎರಡೂ ಬದಿ ಹಿಡಿದು ವೃತ್ತಾಕಾರವಾಗಿ ಆಡಿಸಿ. ಮತ್ತೆ ನಾಲ್ಕು ನಿಮಿಷ. ಉರಿ ಸಣ್ಣದೇ ಇರಲಿ, ಕೊತಕೊತ ಕುದಿದರೆ ಚರ್ಮ ಸುಲಿದು ಮೀನು ಪುಡಿಯಾಗುತ್ತದೆ. ಗೀರಿನಲ್ಲಿ ಮೂಳೆಯ ಬಳಿ ಮಾಂಸ ಬೆಳ್ಳಗಾಗಿ ಬಿಡುತ್ತಿದ್ದರೆ ಆಯಿತು. ಮಣ್ಣಿನ ಪಾತ್ರೆಯಾದರೆ ಒಂದು ನಿಮಿಷ ಮೊದಲೇ ಒಲೆ ಆರಿಸಿ, ಆಮೇಲೂ ಅದು ಕುದಿಯುತ್ತಿರುತ್ತದೆ. ಗಸಿ ನೀರಾಗಿದೆ ಎನಿಸಿದರೆ ಮೀನನ್ನು ಹಾಗೇ ಬಿಟ್ಟು ಕುದಿಸಬೇಡಿ. ಅಗಲ ಸಟ್ಟುಗದಿಂದ ಮೀನು ಎತ್ತಿಟ್ಟು, ಗಸಿ ಬತ್ತಿಸಿ, ಮರಳಿ ಇಳಿಸಿ. ಬಡಿಸುವ ಮುನ್ನ ಅರ್ಧ ಗಂಟೆ ಸುಮ್ಮನಿಟ್ಟರೆ ಹುಳಿ ಒಳಗೆ ಇಳಿಯುತ್ತದೆ.

ಬೂತಾಯಿಗೂ ಇದೇ ಮಸಾಲೆ, ಆದರೆ ಅದಕ್ಕೆ ಐದು ನಿಮಿಷ ಸಾಕು. ಅದರ ಮೈಮೇಲಿನ ಹುರುಪೆ ಕೆರೆಯುವುದನ್ನು ಮರೆಯಬೇಡಿ.

ಹುರಿಯುವುದಕ್ಕೂ ಇದೇ ಹೊತ್ತಿನ ಲೆಕ್ಕ, ಆದರೆ ತಿರುಗುಮುರುಗು. ಕಾವಲಿಯ ಮೇಲೆ ಮಸಾಲೆ ಮೊದಲು ಕರಟುತ್ತದೆ, ಮೀನು ಒಳಗೆ ಹಸಿ. ಅದಕ್ಕೆ ಮಸಾಲೆಯನ್ನು ತೆಳ್ಳಗೆ ಹಚ್ಚುತ್ತೇನೆ: ಬ್ಯಾಡಗಿ ಮೆಣಸಿನ ಪುಡಿ ಎರಡು ದೊಡ್ಡ ಚಮಚ, ಅರಶಿನ, ಉಪ್ಪು, ಶುಂಠಿ ಬೆಳ್ಳುಳ್ಳಿ ಅರೆದದ್ದು ಒಂದು ಚಿಕ್ಕ ಚಮಚ, ಅಕ್ಕಿಹಿಟ್ಟು ಒಂದು ದೊಡ್ಡ ಚಮಚ, ಕಲಸಲು ದಪ್ಪ ಹುಳಿನೀರು. ಮೀನನ್ನು ಬಟ್ಟೆಯಲ್ಲಿ ಪೂರ್ತಿ ಒರೆಸಿರಬೇಕು. ಮಸಾಲೆ ಕಳಚಿ ಎಣ್ಣೆಗೆ ಬೀಳುವುದು, ಮೀನು ಕಾವಲಿಗೆ ಹಿಡಿಯುವುದು, ಎರಡಕ್ಕೂ ಮೈಮೇಲಿನ ನೀರೇ ಮುಖ್ಯ ಕಾರಣ. ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬೀಡಿನ ಕಾವಲಿ ಚೆನ್ನಾಗಿ ಕಾದ ಮೇಲೆ ಎಣ್ಣೆ ಹಾಕಿ, ಉರಿ ಮಧ್ಯಮಕ್ಕೆ ಇಳಿಸಿ ಮೀನು ಇಡಿ. ನಾಲ್ಕೈದು ನಿಮಿಷ ಮುಟ್ಟಬೇಡಿ. ತಳ ಗರಿಯಾದ ಮೇಲೆ ಅದು ತಾನೇ ಬಿಡುತ್ತದೆ, ಎಳೆದು ತೆಗೆದರೆ ಚರ್ಮ ಕಾವಲಿಯಲ್ಲೇ ಉಳಿಯುತ್ತದೆ. ಇನ್ನೊಂದು ಬದಿ ನಾಲ್ಕು ನಿಮಿಷ. ಮುಚ್ಚಳ ಹಾಕಬಾರದು, ಹಬೆಗೆ ಗರಿ ಹೋಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗ ಹಲವು ಕಡೆ ಸಿಗುವುದು ಫ್ರೀಜ್ ಮಾಡಿದ ಬಂಗುಡೆ. ಅದನ್ನು ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಅರೆಯಲ್ಲಿಟ್ಟು ಕರಗಿಸಿ, ಬಿಸಿನೀರು ಬೇಡ. ಕರಗಿದಾಗ ನೀರು ಬಿಡುವುದರಿಂದ ಹುರಿಯಲು ಅಷ್ಟು ಹಿತವಲ್ಲ, ಪುಳಿಮುಂಚಿಗೆ ಚೆನ್ನಾಗಿಯೇ ಆಗುತ್ತದೆ. ಅದಕ್ಕೆ ಮಸಾಲೆಯನ್ನು ಇನ್ನೈದು ನಿಮಿಷ ಹೆಚ್ಚು ಬತ್ತಿಸಿಕೊಂಡರೆ ಮೀನು ಬಿಡುವ ನೀರಿಗೆ ಸರಿಹೋಗುತ್ತದೆ.

ಉಳಿದ ಪುಳಿಮುಂಚಿ ಆರಿದ ಕೂಡಲೇ ಫ್ರಿಜ್‌ಗೆ. ಮರುದಿನ ಕುಚ್ಚಲಕ್ಕಿ ಗಂಜಿಗೆ ಬೇಕಾದಷ್ಟನ್ನೇ ಬೇರೆ ಪಾತ್ರೆಗೆ ತೆಗೆದು, ಮೊದಲು ಗಸಿಯನ್ನು ಮಾತ್ರ ಕುದಿಸಿ, ಆಮೇಲೆ ಮೀನು ಇಳಿಸಿ, ಅದರ ನಡುಭಾಗವೂ ಚೆನ್ನಾಗಿ ಬಿಸಿಯಾದ ಕೂಡಲೇ ಒಲೆಯಿಂದ ಇಳಿಸಿಬಿಡಿ.