ಯಂತ್ರಗಳ ಜಾಲವನ್ನು ಕಚೇರಿಯ ಜಾಲಕ್ಕೆ ಜೋಡಿಸುವ ಬಗೆ

ಉತ್ಪಾದನೆಯ ಲೆಕ್ಕ ತಾನಾಗಿಯೇ ಇಆರ್‌ಪಿಗೆ (ಕಂಪನಿಯ ವ್ಯವಹಾರಗಳನ್ನೆಲ್ಲ ನಿರ್ವಹಿಸುವ ತಂತ್ರಾಂಶಕ್ಕೆ) ಬರಬೇಕೆಂದು ಆಡಳಿತವರ್ಗ ಕೇಳಿದಾಗ, ಯಂತ್ರಗಳ ಸ್ವಿಚ್‌ನಿಂದ ಕಚೇರಿಯ ಸ್ವಿಚ್‌ಗೆ ನೇರವಾಗಿ ಕೇಬಲ್ ಎಳೆಯಲು ಒಪ್ಪಬೇಡಿ. 1979ರಲ್ಲಿ ಮೋಡಿಕಾನ್ ಕಂಪನಿ ರೂಪಿಸಿದ, ಯಂತ್ರಗಳು ಮಾಹಿತಿ ವಿನಿಮಯ ಮಾಡಿಕೊಳ್ಳಲು ಇಂದಿಗೂ ಬಳಸುವ ಮಾಡ್‌ಬಸ್ ಎಂಬ ಸಂವಹನ ನಿಯಮದಲ್ಲಿ ಆದೇಶ ಕಳಿಸಿದವರು ಯಾರೆಂದು ಪರಿಶೀಲಿಸುವ ಏರ್ಪಾಡೇ ಇಲ್ಲ. ಬೇರೆ ತಡೆ ಇಲ್ಲದಿದ್ದರೆ, ಜಾಲದ ಮೇಲೆ ಮಾಡ್‌ಬಸ್ ಬಳಸುವ 502ನೇ ಪೋರ್ಟ್ ತಲುಪಬಲ್ಲ ಯಾವ ಕಂಪ್ಯೂಟರ್ ಬೇಕಾದರೂ ಪಿಎಲ್‌ಸಿಯ (ಯಂತ್ರವನ್ನು ನಡೆಸುವ ನಿಯಂತ್ರಕದ) ರಿಜಿಸ್ಟರ್‌ನಲ್ಲಿರುವ ಮೌಲ್ಯ ಬದಲಿಸಬಹುದು.

ಮೊದಲು ಪ್ರತಿಯೊಂದು ಪ್ಯಾನೆಲ್‌ನ ಬಾಗಿಲು ತೆರೆದು, ಯಾವ ಕೇಬಲ್ ಎಲ್ಲಿಗೆ ಹೋಗಿದೆ ಎಂದು ಬರೆದುಕೊಳ್ಳಿ. ಒಂದು ಕಾರ್ಖಾನೆಯಲ್ಲಿ ಹೀಗೆ ನೋಡುತ್ತಿದ್ದಾಗ, ಯಾವ ನಕ್ಷೆಯಲ್ಲೂ ಇಲ್ಲದ 4ಜಿ ರೂಟರ್ ಒಂದು ಡ್ರೈವ್‌ನ (ಮೋಟರ್ ವೇಗ ನಿಯಂತ್ರಿಸುವ ಪೆಟ್ಟಿಗೆಯ) ಹಿಂದೆ ದೀಪ ಮಿನುಗಿಸುತ್ತ ಕುಳಿತಿತ್ತು. ರಿಪೇರಿಗೆಂದು ಬಂದವರು ಹಾಕಿ, ತೆಗೆಯದೆ ಹೋಗಿದ್ದರು. ಜಾಲದಲ್ಲಿ ಏನೇನಿದೆ ಎಂದು ಹುಡುಕಲು ಕಚೇರಿಯಲ್ಲಿ ಬಳಸುವ ಸ್ಕ್ಯಾನರ್ ತಂತ್ರಾಂಶವನ್ನು ಇಲ್ಲಿ ಓಡಿಸಬೇಡಿ, ಹಳೆಯ ಪಿಎಲ್‌ಸಿಗಳು ಅದರ ಹೊಡೆತಕ್ಕೆ ನಿಂತುಬಿಡುವುದುಂಟು. ಸ್ವಿಚ್‌ನಲ್ಲಿ ಹಾದುಹೋಗುವ ಸಂಚಾರದ ಪ್ರತಿ ಸಿಗುವ ಮಿರರ್ ಪೋರ್ಟ್‌ನಲ್ಲಿ ಸಂಚಾರವನ್ನು ಸುಮ್ಮನೆ ಆಲಿಸಿದರೆ ಸಾಕು.

ನಂತರದ ಕೆಲಸವೇ ಮುಖ್ಯವಾದದ್ದು. ಎರಡು ಜಾಲಗಳ ನಡುವೆ, ಎರಡೂ ಕಡೆ ಫೈರ್‌ವಾಲ್ (ಅನುಮತಿಸಿದ ಸಂಚಾರವನ್ನಷ್ಟೇ ಬಿಡುವ ತಡೆ) ಇರುವ ಮಧ್ಯವಲಯವೊಂದನ್ನು ಕಟ್ಟಿ, ಯಾವ ಸಂಪರ್ಕವೂ ಅದನ್ನು ದಾಟಿ ನೇರವಾಗಿ ಆಚೆಗೆ ಹೋಗದಂತೆ ಮಾಡಬೇಕು. ಯಂತ್ರಗಳ ಕಡೆಯ ಸರ್ವರ್ ತಾನೇ ಸಂಪರ್ಕ ತೆರೆದು ಅಂಕಿಅಂಶಗಳನ್ನು ಮಧ್ಯವಲಯದ ದತ್ತಾಂಶ ಸರ್ವರ್‌ಗೆ ಒಪ್ಪಿಸಲಿ. ಇಆರ್‌ಪಿ ಅಲ್ಲಿಂದ ಓದಿಕೊಳ್ಳಲಿ. ಉತ್ಪಾದನಾ ಆದೇಶಗಳು ಒಳಗೆ ಬರಬೇಕಾದಲ್ಲಿಯೂ ಕಚೇರಿ ಅವನ್ನು ಮಧ್ಯವಲಯದಲ್ಲಿ ಇಡಲಿ, ಯಂತ್ರಗಳ ಕಡೆಯವರು ಎತ್ತಿಕೊಳ್ಳಲಿ. ಫೈರ್‌ವಾಲ್‌ನಲ್ಲಿ ಇಂಥ ಸರ್ವರ್‌ನಿಂದ ಇಂಥ ಸರ್ವರ್‌ಗೆ ಇಂಥ ಪೋರ್ಟ್ ಎಂದು ಹೆಸರಿಸಿ ಅನುಮತಿ ಕೊಡಿ (ಯಂತ್ರಗಳ ದತ್ತಾಂಶ ಸಾಗಿಸುವ ಒಪಿಸಿ ಯುಎ ಎಂಬ ಸಂವಹನ ನಿಯಮವಾದರೆ ಸಾಮಾನ್ಯವಾಗಿ 4840), ಉಳಿದುದೆಲ್ಲ ನಿಷಿದ್ಧವೆಂಬುದೇ ಕೊನೆಯ ನಿಯಮವಾಗಿರಲಿ.

ಕಚೇರಿಯ ವಿಂಡೋಸ್ ಡೊಮೇನ್ (ಎಲ್ಲರ ಲಾಗಿನ್ ಒಂದೆಡೆ ನಿಭಾಯಿಸುವ ವ್ಯವಸ್ಥೆ) ಮತ್ತು ಪಾಸ್‌ವರ್ಡ್‌ಗಳನ್ನು ಯಂತ್ರಗಳ ಕಡೆ ಹಂಚಿಕೊಳ್ಳಲೇಬೇಡಿ, ಕಚೇರಿಗೆ ನುಗ್ಗಿದವರು ಅವುಗಳ ಮೂಲಕವೇ ಯಂತ್ರಗಳ ಕಡೆಗೂ ದಾಟಬಹುದು. 2019ರ ಮಾರ್ಚ್‌ನಲ್ಲಿ ನಾರ್ವೆಯ ನಾರ್ಸ್ಕ್ ಹೈಡ್ರೋ ಕಂಪನಿಯ ಕಂಪ್ಯೂಟರ್‌ಗಳಿಗೆ ಲಾಕರ್‌ಗೋಗಾ ಕುತಂತ್ರಾಂಶ ಬೀಗ ಹಾಕಿದಾಗ, ಹಲವು ಅಲ್ಯೂಮಿನಿಯಂ ಘಟಕಗಳಲ್ಲಿ ಕೈಯಾರೆ ಕೆಲಸ ನಡೆಸಬೇಕಾಯಿತು. ದೂರದಿಂದ ದುರಸ್ತಿ ಮಾಡುವವರಿಗೂ ಮಧ್ಯವಲಯದ ಒಂದೇ ಸರ್ವರ್‌ನ ಮೂಲಕ, ಎರಡು ಹಂತದ ದೃಢೀಕರಣದೊಂದಿಗೆ, ಕೇಳಿದಷ್ಟು ಹೊತ್ತು ಮಾತ್ರ ಪ್ರವೇಶವಿರಲಿ.

ಜೋಡಣೆಯನ್ನು ವಾರದ ರಜೆಯ ದಿನ ಇಟ್ಟುಕೊಳ್ಳಿ, ಎಲ್ಲ ಪಿಎಲ್‌ಸಿ ಪ್ರೋಗ್ರಾಂಗಳ ಪ್ರತಿ ಮೊದಲೇ ತೆಗೆದಿಡಿ. ಎಲ್ಲವೂ ಓಡತೊಡಗಿದ ಮೇಲೆ, ಶಿಫ್ಟ್ ಮೇಲ್ವಿಚಾರಕರ ಎದುರಿನಲ್ಲೇ ಮಧ್ಯವಲಯದ ಕೇಬಲ್ ಕಿತ್ತು ನೋಡಿ: ಯಂತ್ರಗಳು ಒಂದು ಪೂರ್ತಿ ಶಿಫ್ಟ್ ಎಂದಿನಂತೆ ನಡೆಯಬೇಕು, ಕೇಬಲ್ ಮರಳಿ ಹಾಕಿದಾಗ ಅಷ್ಟು ಹೊತ್ತಿನ ಲೆಕ್ಕವೂ ತಪ್ಪದೆ ಇಆರ್‌ಪಿ ಸೇರಬೇಕು.