ಟೊಳ್ಳು ಜಿಯೋಲೈಟ್ ಹರಳಿನೊಳಗೆ ಪ್ಲಾಟಿನಂ ಕೂರಿಸುವುದು ಹೇಗೆ?

ಪ್ಲಾಟಿನಂ ದುಬಾರಿ ಲೋಹ. ವೇಗವರ್ಧಕವಾಗಿ ಬಳಸುವಾಗ ಅದನ್ನು ನ್ಯಾನೊ ಕಣಗಳಾಗಿ ಹರಡುವುದೂ ಅದಕ್ಕೇ: ಕಣ ಸಣ್ಣದಾದಷ್ಟೂ ಕೆಲಸಕ್ಕೆ ಸಿಗುವ ಮೇಲ್ಮೈ ಹೆಚ್ಚು. ಆದರೆ ಕಾವೇರಿದಂತೆ ಈ ಕಣಗಳು ಸರಿದಾಡಿ, ಒಂದಕ್ಕೊಂದು ಕೂಡಿಕೊಂಡು ದಪ್ಪಗಾಗಿಬಿಡುತ್ತವೆ. ಜಿಯೋಲೈಟ್ ಅಂದರೆ ಅಣುಗಾತ್ರದ ರಂಧ್ರಗಳಿರುವ ಹರಳು; ಅದರ ಟೊಳ್ಳು ಹರಳುಗಳೊಳಗೆ ಈ ಕಣಗಳನ್ನು ಬೇರೆ ಬೇರೆಯಾಗಿ ಕೂಡಿಹಾಕಿದರೆ ಆ ಕಾಟ ಬಹಳಷ್ಟು ತಪ್ಪುತ್ತದೆ. ಮಾನಸಗಂಗೋತ್ರಿಯಲ್ಲೋ ಮಂಡ್ಯದಲ್ಲೋ ರಸಾಯನಶಾಸ್ತ್ರ ಎಂ.ಎಸ್ಸಿ. ಓದುತ್ತಾ ಪ್ರಾಜೆಕ್ಟ್ ಹುಡುಕುತ್ತಿರುವವರು ಇದನ್ನು ಧೈರ್ಯವಾಗಿ ಕೈಗೆತ್ತಿಕೊಳ್ಳಬಹುದು.

ಮೊದಲು ಗಟ್ಟಿ ಹರಳು. ಸಿಲಿಕಾಗೆ ಟಿಇಒಎಸ್ (ಟೆಟ್ರಾಈಥೈಲ್ ಆರ್ಥೊಸಿಲಿಕೇಟ್), ರಂಧ್ರಗಳಿಗೆ ಆಕಾರ ಕೊಡುವ ಅಚ್ಚಿಗೆ ಟಿಪಿಎಒಎಚ್ (ಟೆಟ್ರಾಪ್ರೊಪೈಲ್ ಅಮೋನಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರ), ಜೊತೆಗೆ ಡಿಸ್ಟಿಲ್ಡ್ ವಾಟರ್. ಟಿಇಒಎಸ್ ಮೊದಲಿಗೆ ಬೇರೆ ಪದರವಾಗಿ ಮೇಲೆ ತೇಲುತ್ತದೆ. ಅದು ಪೂರ್ತಿ ಮಾಯವಾಗಿ ದ್ರಾವಣ ತಿಳಿಯಾಗುವ ತನಕ ಕಲಕುತ್ತಿರಿ, ಇಲ್ಲಿ ಅವಸರ ಬೇಡ. ಟೆಫ್ಲಾನ್ ಒಳಪಾತ್ರೆಯ, ಒತ್ತಡ ತಡೆಯುವ ಬಿಗಿಮುಚ್ಚಳದ ಆಟೊಕ್ಲೇವ್‌ನಲ್ಲಿ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ ಇಟ್ಟರೆ ಸಿಲಿಕಲೈಟ್-1 ಎಂಬ, ಬರೀ ಸಿಲಿಕಾದ ಜಿಯೋಲೈಟ್ ಸಿದ್ಧ. ಸೆಂಟ್ರಿಫ್ಯೂಜ್ ಮಾಡಿ, ತೊಳೆದು, ಒಣಗಿಸಿ, 550 ಡಿಗ್ರಿಯಲ್ಲಿ ಗಾಳಿಯಾಡುವಂತೆ ಸುಟ್ಟರೆ ರಂಧ್ರಗಳಲ್ಲಿದ್ದ ಅಚ್ಚು ಉರಿದುಹೋಗುತ್ತದೆ. ಈ ಪುಡಿಗೆ ಪ್ಲಾಟಿನಂ ಲವಣದ ದ್ರಾವಣ ಹೀರಿಸಿ ಒಣಗಿಸಿ.

ಇಡೀ ಕೆಲಸದ ಜೀವ ಇರುವುದು ಮುಂದಿನ ಹಂತದಲ್ಲಿ. ಪುಡಿಯನ್ನು ಸುಮಾರು 0.3 ಮೋಲಾರ್ ಟಿಪಿಎಒಎಚ್‌ನಲ್ಲಿ ಕದಡಿ ಮತ್ತೆ 170 ಡಿಗ್ರಿಗೆ ಇಡಬೇಕು, 24 ಗಂಟೆಯಿಂದ 3 ದಿನದವರೆಗೆ. ಹರಳಿನ ನಡುಭಾಗದಲ್ಲಿ ರಚನಾದೋಷಗಳು ಹೆಚ್ಚು, ಹಾಗಾಗಿ ಕ್ಷಾರ ಅಲ್ಲಿಂದಲೇ ಕರಗಿಸುತ್ತದೆ. ಕರಗಿದ ಸಿಲಿಕಾ ರಂಧ್ರಗಳ ಮೂಲಕ ಹೊರಬಂದು, ಟಿಪಿಎ (ಟಿಪಿಎಒಎಚ್‌ನಲ್ಲಿ ಅಚ್ಚಿನ ಕೆಲಸ ಮಾಡುವ ಭಾಗ) ನೆರವಿನಿಂದ ಮೇಲ್ಮೈ ಮೇಲೆಯೇ ಮತ್ತೆ ಹರಳುಗಟ್ಟುತ್ತದೆ. ಆನೆ ನುಂಗಿದ ಬೇಲದ ಹಣ್ಣು ಓಡು ಒಡೆಯದೆ, ತಿರುಳಿಲ್ಲದೆ ಹೊರಬರುತ್ತದೆ ಅಂತಾರಲ್ಲ, ಹಾಗೆ. ಪ್ಲಾಟಿನಂ ಮಾತ್ರ ಒಳಗೇ ಉಳಿಯುತ್ತದೆ. ಖರ್ಚು ಉಳಿಸಲು ಸೋಡಿಯಂ ಹೈಡ್ರಾಕ್ಸೈಡ್ ಹಾಕಬೇಡಿ. ಅದು ಕರಗಿಸುತ್ತದೆ, ಮತ್ತೆ ಕಟ್ಟುವುದಿಲ್ಲ. ಆಟೊಕ್ಲೇವ್ ಪೂರ್ತಿ ತಣಿಯದೆ ಮುಚ್ಚಳಕ್ಕೆ ಕೈಹಾಕುವುದಂತೂ ಬೇಡವೇ ಬೇಡ.

ಮತ್ತೆ ತೊಳೆದು, ಸುಟ್ಟು, ಕೊನೆಗೆ ಹೈಡ್ರೋಜನ್ ಹರಿಸಿ ಲವಣವನ್ನು ಲೋಹವಾಗಿಸಿ. ಹೈಡ್ರೋಜನ್ ಸಿಲಿಂಡರ್ ತೆರೆಯುವಾಗ ಗೈಡ್ ಎದುರಿಗಿರಲಿ.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಳು ಗೋಡೆಯ ಪೆಟ್ಟಿಗೆ, ಒಳಗೊಂದು ಕಪ್ಪು ಚುಕ್ಕೆ ಕಾಣುತ್ತದೆ. ಅಷ್ಟಕ್ಕೇ ನಂಬಬೇಡಿ. ಗೋಡೆಯ ರಂಧ್ರ ಸುಮಾರು 0.55 ನ್ಯಾನೊಮೀಟರ್; ಟಾಲ್ವೀನ್ ಅದರಲ್ಲಿ ನುಸುಳುತ್ತದೆ, ಅದಕ್ಕಿಂತ ಅಗಲವಾದ ಮೆಸಿಟಿಲೀನ್ ನುಸುಳದು. ಎರಡನ್ನೂ ಬೇರೆ ಬೇರೆಯಾಗಿ ಹೈಡ್ರೋಜನ್ ಜೊತೆ ಹರಿಸಿ ನೋಡಿ. ಮೆಸಿಟಿಲೀನ್ ಕೂಡ ಚೆನ್ನಾಗಿ ವರ್ತಿಸಿದರೆ ಪ್ಲಾಟಿನಂ ಹೊರಗೂ ಅಂಟಿದೆ ಅಥವಾ ಗೋಡೆ ಬಿರಿದಿದೆ ಎಂದೇ ಅರ್ಥ.