ಒಂಟಿಕಾಲಲ್ಲಿ ನಿಂತು ಪ್ಯಾಂಟ್ ಹಾಕುವವರೆಗೆ

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಪ್ಯಾಂಟಿಗೆ ಕಾಲು ತೂರಿಸುವಾಗ ಆಯ ತಪ್ಪಿ ಗೋಡೆ ಹಿಡಿದುಕೊಂಡೆ. ಬೀಳಲಿಲ್ಲ. ಆದರೆ ಒಂದು ವಿಷಯ ಆವತ್ತು ಹೊಳೆಯಿತು: ಎಷ್ಟೋ ತಿಂಗಳಿಂದ ನಾನು ಮಂಚದ ಮೇಲೆ ಕೂತೇ ಪ್ಯಾಂಟ್ ಹಾಕಿಕೊಳ್ಳುತ್ತಿದ್ದೆ. ಆಗ ನನಗೆ 51. ದಿನಾ ನಡೆಯುತ್ತಿದ್ದೆ, ಕಾಲಲ್ಲಿ ಬಲ ಇತ್ತು. ಸಡಿಲವಾಗಿದ್ದದ್ದು ನಡು.

ನಡು ಗಟ್ಟಿ ಮಾಡುವ ಕೋರ್ ವ್ಯಾಯಾಮ ಅಂದರೆ ಪ್ಲ್ಯಾಂಕ್, ಅಂದರೆ ಮೊಣಕೈ ಮತ್ತು ಕಾಲ್ಬೆರಳು ಊರಿ ಮೈಯನ್ನು ಹಲಗೆಯ ಹಾಗೆ ನೆಟ್ಟಗೆ ಹಿಡಿಯುವುದು ಅಂದುಕೊಂಡು ಅದನ್ನೇ ಶುರು ಮಾಡಿದೆ. ಮೊದಲ ದಿನ 20 ಸೆಕೆಂಡ್, ಮೂರು ವಾರಕ್ಕೆ 90. ಸೆಕೆಂಡು ಏರಿದ ಹಾಗೆ ಸೊಂಟನೋವೂ ಏರಿತು. ಒಂದು ದಿನ ಫೋನನ್ನು ಪಕ್ಕದಲ್ಲಿ ನಿಲ್ಲಿಸಿ ವಿಡಿಯೊ ಮಾಡಿ ನೋಡಿದೆ. ಅರ್ಧ ನಿಮಿಷಕ್ಕೇ ಸೊಂಟ ಕೆಳಗೆ ಜೋತುಬಿದ್ದಿತ್ತು. ಭುಜ ಕಿವಿಯ ಹತ್ತಿರ ಬಂದಿತ್ತು. ಉಸಿರಂತೂ ಬಿಗಿಹಿಡಿದೇ ಇದ್ದೆ. ಹೊಟ್ಟೆಯ ಸ್ನಾಯು ಸೋತ ಮೇಲೂ ಉಳಿದ ಒಂದು ನಿಮಿಷ ಭಾರವನ್ನೆಲ್ಲ ಬೆನ್ನೇ ಹೊರುತ್ತಿತ್ತು.

ಪ್ಲ್ಯಾಂಕ್ ನಿಲ್ಲಿಸಿ, ನೋವು ಇಳಿಯುವ ತನಕ ಎರಡು ವಾರ ಬಿಟ್ಟು, ಒಬ್ಬರು ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಅವರು ಮೊದಲು ಕಲಿಸಿದ್ದು ಉಸಿರು. ಬೆನ್ನ ಮೇಲೆ ಮಲಗಿ, ಮಂಡಿ ಮಡಚಿ, ಎರಡು ಕೈಯನ್ನೂ ಪಕ್ಕೆಲುಬಿನ ಕೆಳಗೆ ಇಟ್ಟುಕೊಳ್ಳಬೇಕು. ಉಸಿರು ಎಳೆದಾಗ ಪಕ್ಕೆ ಎರಡೂ ಕಡೆ ಅಗಲವಾಗಬೇಕು, ಬಿಟ್ಟಾಗ ಕಿಬ್ಬೊಟ್ಟೆ ತಾನಾಗಿ ಬಿಗಿಯಾಗಬೇಕು. ಮೇಲೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು), ಕೆಳಗೆ ಕಟಿತಳದ, ಅಂದರೆ ಕಿಬ್ಬೊಟ್ಟೆಯ ತಳದ ಸ್ನಾಯು, ಸುತ್ತಲೂ ಬೆಲ್ಟ್ ಕಟ್ಟಿದ ಹಾಗೆ ಹೊಟ್ಟೆಯ ಒಳಪದರ, ಹಿಂದೆ ಬೆನ್ನುಮೂಳೆಗೆ ಅಂಟಿದ ಚಿಕ್ಕ ಸ್ನಾಯುಗಳು. ಕೋರ್ ಅಂದರೆ ಇಷ್ಟೂ ಸೇರಿ. ನಾವು ಕೈ ಎತ್ತುವ ಮೊದಲೇ ಈ ಒಳಪದರ ಬಿಗಿಯಾಗುತ್ತದೆ, ಇಲ್ಲದಿದ್ದರೆ ನಡು ಅಲುಗಾಡುತ್ತದೆ. ನಡುವನ್ನು ಮಡಚುವುದಕ್ಕಿಂತ ಅದನ್ನು ಅಲುಗದ ಹಾಗೆ ಹಿಡಿಯುವುದೇ ಇದರ ದೊಡ್ಡ ಕೆಲಸ. ಇದು ಅರ್ಥವಾದ ಮೇಲೆ ನಾನು ಮಾಡುವ ರೀತಿಯೇ ಬದಲಾಯಿತು.

ಮುಂದಿನದು ಡೆಡ್ ಬಗ್. ಅಂಗಾತ ಮಲಗಿ, ಕೈ ಕಾಲು ಮೇಲೆತ್ತಿ, ಎದುರುಬದುರು ಕೈ ಕಾಲನ್ನು ನಿಧಾನವಾಗಿ ಕೆಳಗಿಳಿಸುವುದು. ನನಗೆ ನೆರವಾದದ್ದು ಒಂದು ತೆಳು ಟವೆಲ್. ಅದನ್ನು ಸೊಂಟದ ಕೆಳಗೆ ಇಟ್ಟುಕೊಂಡು, ಮನೆಯವರಿಗೆ ಮೆಲ್ಲಗೆ ಎಳೆಯಲು ಹೇಳುತ್ತಿದ್ದೆ. ಟವೆಲ್ ಜಾರಿ ಬಂದರೆ ಬೆನ್ನು ಕಮಾನಾಗಿದೆ ಅಂತ ಅರ್ಥ. ಮೊದಲ ವಾರ ಪ್ರತಿ ಸಲವೂ ಜಾರಿತು. ಆಗ ಕಾಲು ಚಾಚುವುದನ್ನು ಬಿಟ್ಟು, ಮಂಡಿ ಮಡಚಿಕೊಂಡೇ ಹಿಮ್ಮಡಿಯನ್ನು ನೆಲಕ್ಕೆ ಮುಟ್ಟಿಸಿ ವಾಪಸ್ ತರುತ್ತಿದ್ದೆ. ಒಂದು ತಿಂಗಳು ಇಷ್ಟೇ.

ಆಮೇಲೆ ಬರ್ಡ್ ಡಾಗ್, ಅಂಬೆಗಾಲಲ್ಲಿ ನಿಂತು ಎದುರುಬದುರು ಕೈ ಕಾಲನ್ನು ಚಾಚುವುದು. ಇದಕ್ಕೆ ನೆರವಾದದ್ದು ನೀರು ತುಂಬಿದ ಪ್ಲಾಸ್ಟಿಕ್ ಲೋಟ. ಅಂಬೆಗಾಲಲ್ಲಿ ನಿಂತಾಗ ಸೊಂಟದ ಮೇಲೆ ಅದನ್ನು ಇಡಿಸಿಕೊಳ್ಳುತ್ತಿದ್ದೆ. ಬಲಗೈ, ಎಡಗಾಲು ಚಾಚಿದಾಗ ನೀರು ನಿಲ್ಲುತ್ತಿತ್ತು. ಬದಲಾಯಿಸಿದರೆ ಚೆಲ್ಲುತ್ತಿತ್ತು. ನನ್ನ ಎರಡು ಪಕ್ಕದಲ್ಲಿ ಇಷ್ಟು ವ್ಯತ್ಯಾಸ ಇದೆ ಅಂತ ಗೊತ್ತಾಗಿದ್ದೇ ಆಗ. ಒಂದು ಪಕ್ಕಕ್ಕೆ ತಿರುಗಿ ಮಾಡುವ ಸೈಡ್ ಪ್ಲ್ಯಾಂಕ್ ಅನ್ನು ಮಂಡಿ ಊರಿ ಮಾಡಿದೆ, ಸೋತ ಪಕ್ಕಕ್ಕೆ ಒಂದು ಸುತ್ತು ಜಾಸ್ತಿ.

ಯಾವುದನ್ನೂ 10 ಸೆಕೆಂಡಿಗಿಂತ ಹೆಚ್ಚು ಹಿಡಿಯುವುದಿಲ್ಲ. ಬಿಟ್ಟು, ಒಂದು ಉಸಿರು ತೆಗೆದುಕೊಂಡು, ಮತ್ತೆ ಹಿಡಿಯುತ್ತೇನೆ. ಬೆನ್ನುಮೂಳೆಯ ಬಗ್ಗೆ ದಶಕಗಳ ಕಾಲ ಸಂಶೋಧನೆ ಮಾಡಿದ ಕೆನಡಾದ ಸ್ಟುವರ್ಟ್ ಮೆಕ್‌ಗಿಲ್ ಅವರ ಸಲಹೆಯೂ ಇದೇ. ದಣಿದ ಸ್ನಾಯುವಿನಲ್ಲಿ ತಪ್ಪು ಭಂಗಿ ರೂಢಿಯಾಗುವುದಕ್ಕಿಂತ ಚಿಕ್ಕದಾಗಿ, ಸರಿಯಾಗಿ, ಹತ್ತು ಸಲ ಮಾಡುವುದು ಮೇಲು ಅಲ್ವಾ?

ಎರಡು ತಿಂಗಳ ಮೇಲೆ ನಿಂತು ಮಾಡುವುದಕ್ಕೆ ಬಂದೆ. ಹಲ್ಲುಜ್ಜುವಾಗ ಒಂಟಿಕಾಲು, ಒಂದು ಕೈಗೆ ಗೋಡೆ ಸಿಗುವಷ್ಟು ಹತ್ತಿರ. ಬರಿಗಾಲಲ್ಲೇ, ಯಾಕೆಂದರೆ ಅಂಗಾಲಿಗೆ ನೆಲದ ಸುದ್ದಿ ಸಿಗಬೇಕು. ಶುರುವಿನಲ್ಲಿ ಎಡಗಾಲಲ್ಲಿ 6 ಸೆಕೆಂಡ್ ನಿಲ್ಲುತ್ತಿದ್ದೆ. ಅದು 30ಕ್ಕೆ ಬಂದ ಮೇಲೆ ತಲೆಯನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿದೆ, ಮತ್ತೆ ಜೋಲಿ ಶುರುವಾಯಿತು. ಸಮತೋಲಕ್ಕೆ ಒಳಕಿವಿ, ಕಣ್ಣು, ಪಾದ ಮೂರೂ ಬೇಕು. ಕಣ್ಣು ಮುಚ್ಚಿದರೆ ಒಂದು ಆಧಾರ ಹೋದ ಹಾಗೆ. ಅದನ್ನು ನಾನು ಮೂಲೆಯಲ್ಲಿ, ಎರಡೂ ಕಡೆ ಗೋಡೆ ಇರುವಲ್ಲಿ ಮಾತ್ರ ಮಾಡುತ್ತೇನೆ. ಸುಮ್ಸುಮ್ನೆ ತಲೆ ಸುತ್ತುವವರು, ಕಾಲಿಗೆ ಜೋಮು ಹಿಡಿಯುವವರು ಮೊದಲು ವೈದ್ಯರಿಗೆ ತೋರಿಸಿಕೊಳ್ಳಿ. ಅದು ವ್ಯಾಯಾಮದಿಂದ ಶುರು ಮಾಡುವ ವಿಷಯ ಅಲ್ಲ.

65 ದಾಟಿದವರು ವಾರಕ್ಕೆ 3 ದಿನವಾದರೂ ಸಮತೋಲ ಮತ್ತು ಬಲದ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ನಾನು ಅಲ್ಲಿಯವರೆಗೆ ಕಾಯುವುದು ಬೇಡ ಅಂತ ಈಗಲೇ 4 ದಿನ ಮಾಡುತ್ತೇನೆ, ಒಂದು ಸಲಕ್ಕೆ 15 ನಿಮಿಷ. ಹೊಟ್ಟೆಯ ಕೊಬ್ಬು ಇದರಿಂದ ಕರಗಲಿಲ್ಲ, ಅದಕ್ಕಾಗಿ ಮಾಡಿದ್ದೂ ಅಲ್ಲ. ನಡು ಮಾತ್ರ ಮುಟ್ಟಿದರೆ ಗಟ್ಟಿ ಅನ್ನಿಸುತ್ತದೆ. ಪ್ಯಾಂಟನ್ನು ನಿಂತೇ ಹಾಕಿಕೊಳ್ಳುತ್ತೇನೆ, ಎಡಗಾಲ ಮೇಲೂ.